ನಕ್ಷೆಯಲ್ಲಿಲ್ಲದ ಗೆರೆ

ವಿಭಾಗದ ನೋಟೀಸು ಬೋರ್ಡಿನಲ್ಲಿ ಅಂಟಿಸಿದ್ದ ಹಾಳೆಯನ್ನು ಭವ್ಯ ಎರಡು ಸಲ ಓದಿದಳು. ಎಂ.ಎಸ್ಸಿ. ಭೂವಿಜ್ಞಾನದ ಕೊನೆಯ ವರ್ಷದವರಿಗೆ ಜನವರಿಯಲ್ಲಿ ಹದಿನಾಲ್ಕು ದಿನ ಜೈಸಲ್ಮೇರಿನ ಮರುಭೂಮಿಯಲ್ಲಿ ಕ್ಷೇತ್ರಕಾರ್ಯ. ಕೆಳಗೆ ಇನ್ನೊಂದು ಸಾಲು: ಮಹಿಳಾ ಮೇಲ್ವಿಚಾರಕರು ಇಲ್ಲದಿರುವುದರಿಂದ ವಿದ್ಯಾರ್ಥಿನಿಯರು ಸ್ಥಳೀಯ ಕಲ್ಲುಕ್ವಾರಿಯಲ್ಲಿ ಪರ್ಯಾಯ ಕಾರ್ಯ ಮಾಡತಕ್ಕದ್ದು. ವಿದ್ಯಾರ್ಥಿನಿಯರು ಎಂದು ಬಹುವಚನದಲ್ಲಿ ಬರೆದಿದ್ದರೂ ಹದಿಮೂರು ಜನರ ಆ ತರಗತಿಯಲ್ಲಿ ಇದ್ದ ಹುಡುಗಿ ಅವಳೊಬ್ಬಳೇ. ಅದು ಎರಡು ಸಾವಿರದ ಮೂರನೆಯ ಇಸವಿಯ ಡಿಸೆಂಬರು.

ಅವಳು ಮೊದಲು ಆಫೀಸಿಗೆ, ಅಲ್ಲಿಂದ ವಿಭಾಗದ ಮುಖ್ಯಸ್ಥ ಜಯದೇವಪ್ಪನವರ ಕೋಣೆಗೆ ಹೋದಳು. ಜಯದೇವಪ್ಪ ಕೆಟ್ಟ ಮನುಷ್ಯರಲ್ಲ. ಹನ್ನೊಂದು ವರ್ಷದಿಂದ ಪ್ರತಿ ಜನವರಿ ಹುಡುಗರನ್ನು ಅದೇ ಮರುಭೂಮಿಗೆ ಕರೆದುಕೊಂಡು ಹೋಗಿ, ಒಬ್ಬರಿಗೂ ಏನೂ ಆಗದಂತೆ ವಾಪಸ್ಸು ತಂದವರು. ಏನೂ ಆಗಬಾರದು ಎನ್ನುವುದು ಅವರಿಗೆ ಮೊದಲು, ಕಲ್ಲಿನ ಪಾಠ ಆಮೇಲೆ.

“ಸರ್, ಆ ಕ್ವಾರಿಯನ್ನ ಮೂರು ಸಲ ನೋಡಿದ್ದೇನೆ. ನಾನೂ ಜೈಸಲ್ಮೇರಿಗೆ ಬರ್ತೇನೆ” ಎಂದಳು ಭವ್ಯ.

“ನೋಡಮ್ಮ, ಅಲ್ಲಿ ಹೆಣ್ಣುಮಕ್ಕಳಿಗೆ ಅನುಕೂಲ ಇಲ್ಲ. ಹೆಚ್ಚುಕಮ್ಮಿ ಆದರೆ ನಿಮ್ಮ ಮನೆಯವರಿಗೆ ಉತ್ತರ ಕೊಡಬೇಕಾದವನು ನಾನು. ನಮ್ಮಲ್ಲಿ ಲೇಡಿ ಲೆಕ್ಚರರ್ ಇದ್ದಿದ್ದರೆ ಮಾತು ಬೇರೆ.”

“ನಿಯಮದಲ್ಲಿ ಲೆಕ್ಚರರ್ ಅಂತ ಇಲ್ಲ ಸರ್. ಆಫೀಸಿನಲ್ಲಿ ಕೇಳಿ ಓದಿ ಬಂದೆ. ಮಹಿಳಾ ಮೇಲ್ವಿಚಾರಕರು ಅಂತ ಮಾತ್ರ ಇದೆ.”

ಜಯದೇವಪ್ಪ ನಕ್ಕರು. “ಸರಿ. ಹದಿನಾಲ್ಕು ದಿನ ಮರಳಲ್ಲಿ ಅಲೆಯೋಕೆ ಯಾವ ಹೆಂಗಸು ಬರ್ತಾಳೋ ಕರ್ಕೊಂಡು ಬಾ, ನೋಡೋಣ.”

ಆ ಶನಿವಾರ ಭವ್ಯ ಕೊಪ್ಪದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹಿರೇಕೊಡಿಗೆಗೆ ಬಂದಳು. ಅವಳ ತಾಯಿ ಜಲಜಮ್ಮ ಕಣದಲ್ಲಿ ಭತ್ತ ತೂರುತ್ತಿದ್ದಳು. ನಲವತ್ತಾರು ವರ್ಷದ ಹೆಂಗಸು, ಏಳನೇ ಕ್ಲಾಸಿನವರೆಗೆ ಓದಿದವಳು, ಶಿವಮೊಗ್ಗದ ಆಚೆಗೆ ಹೋದವಳಲ್ಲ. ಮಗಳು ಹೇಳಿದ್ದನ್ನೆಲ್ಲ ಮೊರ ಕೆಳಗಿಡದೆ ಕೇಳಿಸಿಕೊಂಡಳು.

“ಅಲ್ಲಿ ಎಂತ ನೋಡಾದು?”

“ಕಲ್ಲು. ಮಣ್ಣು. ಅವು ಯಾವ ಕ್ರಮದಲ್ಲಿ ಒಂದರ ಮೇಲೊಂದು ಕೂತಿದಾವೆ ಅಂತ. ನಮ್ಮೂರಲ್ಲಿ ಎಲ್ಲದರ ಮೇಲೂ ಗಿಡ ಬೆಳೆದು ಮುಚ್ಚಿ ಹೋಗಿದೆ ಅಮ್ಮ. ಅಲ್ಲಿ ಎಲ್ಲ ತೆರೆದುಕೊಂಡು ಬಿದ್ದಿರ್ತದೆ.”

“ಕಲ್ಲು ನೋಡಕ್ಕೆ ಗಂಡಸರೇ ಆಗ್ಬೇಕನಾ?”

“ಜೊತೆಗೆ ಒಬ್ಬರು ಹೆಂಗಸರು ಇರಬೇಕಂತೆ.”

ಜಲಜಮ್ಮ ಮೊರವನ್ನು ಭತ್ತದ ರಾಶಿಯ ಮೇಲಿಟ್ಟು ಸೆರಗಿನಿಂದ ಮುಖದ ಹೊಟ್ಟು ಒರೆಸಿಕೊಂಡಳು. “ನಾನು ಹೆಂಗಸಲ್ಲನಾ?”

ಭವ್ಯ ಅದನ್ನು ತಮಾಷೆಯೆಂದೇ ತಿಳಿದಳು. ಆದರೆ ಊಟದ ಹೊತ್ತಿಗೆ ಜಲಜಮ್ಮ ಗಂಡನ ತಟ್ಟೆಗೆ ಅನ್ನ ಬಡಿಸುತ್ತ ವಿಷಯ ತೆಗೆದಾಗ, ತಮಾಷೆಯಲ್ಲ ಎಂದು ಗೊತ್ತಾಯಿತು. ಸುಬ್ಬಯ್ಯ ತುತ್ತು ಕೈಯಲ್ಲೇ ಹಿಡಿದು ಕೂತ.

“ನಿಂಗೆ ತಲೆ ಸರಿ ಇದೆಯನಾ ಮಾರಾಯ್ತಿ? ಪಾಕಿಸ್ತಾನದ ಗಡಿ ಅದು. ಊರಲ್ಲಿ ಎಂತ ಅಂತಾರೆ?”

“ಅನ್ನಲಿ. ಅವರು ಅನ್ನದೆ ಇದ್ದ ದಿನ ಯಾವುದು?”

“ಕೊಟ್ಟಿಗೆ ನೋಡಾದು ಯಾರು?”

“ಎರಡು ದನ ಇರಾದು. ಹಾಲು ಕರೆಯಕ್ಕೆ ನಿಮಗೆ ಬತ್ತದೆ. ಬರದೆ ಇದ್ರೆ ಹದಿನಾಲ್ಕು ದಿನದಲ್ಲಿ ಕಲೀಬಹುದು.”

ಸುಬ್ಬಯ್ಯ ತುತ್ತು ಬಾಯಿಗಿಟ್ಟ. ಮಾರನೆಯ ದಿನ ತಾನೇ ಕೊಪ್ಪಕ್ಕೆ ಹೋಗಿ ಹೆಂಡತಿಗೆ ಬಿಳಿ ಕ್ಯಾನ್‌ವಾಸ್ ಶೂ ತಂದ. ಅಂಗಡಿಯಲ್ಲಿ ಹೆಂಗಸರ ಅಳತೆಯದು ಇರಲಿಲ್ಲವಂತೆ. ಹೈಸ್ಕೂಲು ಹುಡುಗರ ಡ್ರಿಲ್ಲಿನ ಶೂ. ಜಲಜಮ್ಮ ಅದನ್ನು ಹಾಕಿಕೊಂಡು ಗದ್ದೆಯ ಅಂಚಿನ ಮೇಲೆ ಎರಡು ದಿನ ಓಡಾಡಿ ಅಭ್ಯಾಸ ಮಾಡಿದಳು.

ಭವ್ಯ ವಿಭಾಗಕ್ಕೆ ಕರೆತಂದ ತಾಯಿಯನ್ನು ನೋಡಿ ಜಯದೇವಪ್ಪ ಕುರ್ಚಿಯಿಂದ ಎದ್ದರು. ಕೂರಿಸಿದರು. ಅಲ್ಲಿಯ ಕಷ್ಟಗಳನ್ನೆಲ್ಲ ಒಂದೊಂದಾಗಿ ಹೇಳಿದರು: ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು, ಸ್ನಾನಕ್ಕೆ ನೀರಿಲ್ಲ, ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ನಡಿಗೆ.

“ನಡೆಯಾದು ನಮಗೆ ಹೊಸದಲ್ಲ ಮೇಷ್ಟ್ರೇ. ಎಲ್ಲಿ ಸಹಿ ಹಾಕಬೇಕು ಹೇಳಿ.”

ಅವರಿಗೆ ಬೇರೆ ದಾರಿ ಉಳಿಯಲಿಲ್ಲ. ಫಾರಮ್ಮಿನಲ್ಲಿ ವೃತ್ತಿ ಎನ್ನುವ ಕಡೆ ಜಲಜಮ್ಮ ದುಂಡಗಿನ ಅಕ್ಷರದಲ್ಲಿ ‘ಬೇಸಾಯ’ ಎಂದು ಬರೆದಳು.

*

ಬೀರೂರಿನಲ್ಲಿ ರೈಲು ಹತ್ತಿದ ಮೂರನೆಯ ದಿನ ಅವರು ಜೋಧಪುರದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಜೈಸಲ್ಮೇರು ಸೇರಿ, ಊರಿನಿಂದ ಮೂವತ್ತು ಕಿಲೋಮೀಟರು ದೂರದ ಹಳ್ಳಿಯೊಂದರ ಧರ್ಮಶಾಲೆಗೆ ತಲುಪಿದರು. ಹುಡುಗರಿಗೆ ದೊಡ್ಡ ಹಜಾರ, ತಾಯಿ ಮಗಳಿಗೆ ಬಾಗಿಲಿಗೆ ಚಿಲಕವಿದ್ದ ಸಣ್ಣ ಕೋಣೆ. ಜಯದೇವಪ್ಪ ತಮ್ಮ ಕಂಬಳಿಯನ್ನು ತಾವೇ ತಂದು ಜಲಜಮ್ಮನಿಗೆ ಕೊಟ್ಟರು. ಇಬ್ಬರಿಗೂ ಕುಡಿಯುವ ನೀರು ಬಂತೋ ಇಲ್ಲವೋ ಎಂದು ದಿನವೂ ಕೇಳುತ್ತಿದ್ದರು.

ಮರುಭೂಮಿ ಎಂದರೆ ಬರೀ ಮರಳಿನ ದಿಬ್ಬ ಎಂದುಕೊಂಡಿದ್ದ ಜಲಜಮ್ಮನಿಗೆ ಮೊದಲ ದಿನವೇ ಅಚ್ಚರಿ. ಅಲ್ಲಿ ಮರಳಿಗಿಂತ ಕಲ್ಲೇ ಹೆಚ್ಚು. ಅರಿಸಿನ ಬಣ್ಣದ ಸುಣ್ಣಕಲ್ಲು ಚಪ್ಪಟೆ ಚಪ್ಪಟೆಯಾಗಿ ಹಾಸಿಕೊಂಡಿತ್ತು. ಭವ್ಯ ಒಂದು ಚಪ್ಪಡಿಯನ್ನು ಸುತ್ತಿಗೆಯಿಂದ ಒಡೆದು ಒಳಗಿನ ಚಿಪ್ಪುಗಳನ್ನು ತೋರಿಸಿದಳು. ಒಂದು ಕಾಲಕ್ಕೆ ಇಲ್ಲಿ ಕಡಲಿತ್ತು, ಇವು ಅದರ ತಳದಲ್ಲಿ ಹರಿದಾಡುತ್ತಿದ್ದ ಜೀವಗಳು ಎಂದಳು. ಜಲಜಮ್ಮ ಚಿಪ್ಪಿನ ಮೇಲೆ ಬೆರಳಾಡಿಸಿ, “ನಮ್ಮ ಗದ್ದೆ ಶಂಖದ ಹುಳದ ಹಂಗೇ ಇದೆ” ಎಂದಳು.

ಆದರೆ ಆ ಒಂದು ಚಪ್ಪಡಿ ಬಿಟ್ಟರೆ ಭವ್ಯಳಿಗೆ ಒಡೆಯಲು ಇನ್ನೇನೂ ಸಿಗಲಿಲ್ಲ. ಹುಡುಗರನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ತುಂಡು ನೆಲ ಹಂಚಿ, ಅದರ ನಕ್ಷೆ ಮಾಡಿ ತರಲು ಜಯದೇವಪ್ಪ ಕಳಿಸುತ್ತಿದ್ದರು. ಭವ್ಯಳಿಗೆ ಜೀಪಿನ ಹತ್ತಿರ ಕೂತು, ಹುಡುಗರು ತಂದ ಕಲ್ಲುಗಳಿಗೆ ನಂಬರು ಬರೆದು ಚೀಲಕ್ಕೆ ತುಂಬುವ ಕೆಲಸ. ಎರಡು ದಿನ ಅವಳು ತುಟಿ ಕಚ್ಚಿಕೊಂಡು ಅದನ್ನೇ ಮಾಡಿದಳು. ಜಗಳ ತೆಗೆದರೆ ತಾಯಿಯನ್ನು ಇಷ್ಟು ದೂರ ಎಳೆದು ತಂದದ್ದೇ ತಪ್ಪಾಗುತ್ತದೇನೋ ಎಂಬ ಅಳುಕು ಅವಳಿಗೆ.

ಎರಡನೆಯ ದಿನ ಸಂಜೆ ಎಲ್ಲರೂ ಹಜಾರದಲ್ಲಿ ಹಾಳೆ ಹರಡಿಕೊಂಡು ಬಣ್ಣ ತುಂಬುತ್ತಿದ್ದಾಗ ಜಲಜಮ್ಮ ಒಂದು ಸುತ್ತು ಹಾಕಿ ಬಂದಳು.

“ಆ ಹುಡುಗರ ಹಾಳೇಲೆಲ್ಲ ಗೆರೆ ಇದಾವೆ. ನಿನ್ನ ಹಾಳೇಲಿ ಬರೀ ನಂಬರು.”

“ನನಗೆ ಕೊಟ್ಟ ಕೆಲಸ ಅದು.”

“ಇದಕ್ಕನಾ ನಾನು ಇಲ್ಲಿ ತನಕ ಬಂದಿದ್ದು?”

ಮರುದಿನ ಬೆಳಿಗ್ಗೆ ಎಲ್ಲರೂ ಜೀಪುಗಳ ಹತ್ತಿರ ನಿಂತಿದ್ದಾಗ ಜಲಜಮ್ಮ ಶೂ ದಾರ ಬಿಗಿದು ಜಯದೇವಪ್ಪನವರ ಎದುರು ಬಂದು ನಿಂತಳು. “ಮೇಷ್ಟ್ರೇ, ನಾನು ಇವಳ ಕಾವಲಿಗೆ ಅಂತ ಸಹಿ ಹಾಕಿ ಬಂದವಳು. ಇವಳು ಎಲ್ಲಿ ಹೋಗ್ತಾಳೋ ಅಲ್ಲಿಗೆ ನಾನು ಹೋಗ್ಬೇಕು. ಇವಳು ಜೀಪಿನ ಹತ್ರ ಕೂತ್ರೆ ನಂಗೆ ಕೆಲಸ ಇಲ್ಲ. ಇವಳಿಗೂ ಒಂದು ತುಂಡು ಜಾಗ ಕೊಡಿ.”

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಯದೇವಪ್ಪ ಕಿರಿಯ ಉಪನ್ಯಾಸಕ ಸೀತಾರಾಮರ ಕಡೆ ತಿರುಗಿದರು. ಸೀತಾರಾಮ ನಕ್ಷೆಯ ಉತ್ತರದ ಮೂಲೆಯಲ್ಲಿ ಬೆರಳಿಟ್ಟು, “ಇದು ಯಾರಿಗೂ ಕೊಟ್ಟಿಲ್ಲ ಸರ್” ಎಂದರು.

“ಅಲ್ಲಿ ಏನಿದೆ? ಎಲ್ಲ ಒಂದೇ ಕಲ್ಲು. ಒಂದೇ ಬಣ್ಣ ತುಂಬಿದರೆ ಮುಗೀತು” ಎಂದರು ಜಯದೇವಪ್ಪ. ಆಮೇಲೆ, “ಹೋಗಲಿ, ಅದನ್ನೇ ತಗೋ. ನಾಲ್ಕು ಗಂಟೆಗೆ ಜೀಪಿನ ಹತ್ತಿರ ಇರಬೇಕು” ಎಂದು ಭವ್ಯಳ ಕೈಗೆ ಹಾಳೆ ಕೊಟ್ಟರು.

*

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಉತ್ತರದ ಮೂಲೆಯಲ್ಲಿ ನೋಡುವಂಥದ್ದು ಏನೂ ಕಾಣಲಿಲ್ಲ. ಸಣ್ಣ ಸಣ್ಣ ಕಂದು ಕಲ್ಲುಗಳು ಹರಡಿದ ಬಯಲು, ಅಲ್ಲಲ್ಲಿ ಗಾಳಿ ತಂದು ಸುರಿದ ಮರಳು, ಒಣಗಿ ಬೆಳ್ಳಗಾದ ಮುಳ್ಳುಗಿಡ. ಅಚ್ಚಾದ ನಕ್ಷೆಯಲ್ಲಿ ಆ ಇಡೀ ಜಾಗಕ್ಕೆ ಒಂದೇ ಹಳದಿ ಬಣ್ಣವಿತ್ತು. ಭವ್ಯ ನೂರು ಹೆಜ್ಜೆಗೊಮ್ಮೆ ನಿಂತು ನೋಟ್‌ಬುಕ್ಕಿನಲ್ಲಿ ಬರೆಯುತ್ತ ನಡೆದಳು. ಜಲಜಮ್ಮ ಸೆರಗನ್ನು ತಲೆಗೆ ಸುತ್ತಿಕೊಂಡು, ಅವಲಕ್ಕಿಯ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹಿಂದೆ ಬಂದಳು.

ಹನ್ನೊಂದು ಗಂಟೆಯ ಹೊತ್ತಿಗೆ ಜಲಜಮ್ಮ ನಿಂತಳು.

“ಭವ್ಯ, ಅಲ್ಲಿ ಕಾಣು.”

“ಎಂತದು?”

“ಎಕ್ಕದ ಗಿಡ. ಎಲ್ಲ ಕಡೆ ಬೂದಿ ಬಣ್ಣ ಇದೆ, ಅಲ್ಲಿ ಮಾತ್ರ ಹಸಿರು. ಒಂದೇ ಸಾಲು. ಬೇಲಿಗೆ ನೆಟ್ಟ ಹಂಗೆ ನೆಟ್ಟಗೆ ಹೋಗಿದೆ.”

ಭವ್ಯ ಕಣ್ಣ ಮೇಲೆ ಕೈ ಮರೆ ಮಾಡಿ ನೋಡಿದಳು. ನಿಜ. ಎಕ್ಕ ಮತ್ತು ಯಾವುದೋ ಮುಳ್ಳಿನ ಪೊದೆಗಳ ತೆಳ್ಳನೆಯ ಸಾಲು ಬಯಲನ್ನು ಓರೆಯಾಗಿ ಸೀಳಿಕೊಂಡು ದೂರದವರೆಗೆ ಹೋಗಿತ್ತು.

“ಹಳ್ಳ ಇದ್ದಿರಬಹುದು.”

“ಹಳ್ಳ ಹಿಂಗೆ ನೆಟ್ಟಗೆ ಹರೀತದನಾ? ತಗ್ಗೂ ಇಲ್ಲ. ಅಡೀಲಿ ಒರತೆ ಇದೆ ಮಾರಾಯ್ತಿ. ನಮ್ಮ ಎರಡು ಬಾವಿ ತೋಡುವಾಗ್ಲೂ ಬುಟ್ಟಿ ಮಣ್ಣು ಮೇಲೆ ಹಾಕಿದವಳು ನಾನು. ಮೇಲೆ ಜಂಬಿಟ್ಟಿಗೆ ಕಲ್ಲು ಇರ್ತದೆ, ಅದ್ರಲ್ಲಿ ನೀರು ನಿಲ್ಲಾದಿಲ್ಲ. ಕೆಳಗೆ ಜೇಡಿ ಬಂತು ಅಂದ್ರೆ ಅಲ್ಲಿ ನೀರು. ಒಂದು ಮುಗಿದು ಇನ್ನೊಂದು ಶುರುವಾಗೋ ಕಡೆ ನೀರು ತಡೆದು ನಿಲ್ತದೆ. ಇಲ್ಲೂ ಎರಡು ಜಾತಿ ನೆಲ ಕೂಡಿರ್ಬೇಕು.”

“ನಕ್ಷೆಯಲ್ಲಿ ಒಂದೇ ಜಾತಿ ಅಂತಿದೆ ಅಮ್ಮ.”

“ಆ ನಕ್ಷೆ ಬರೆದವರು ಈ ಸಾಲಿನ ಮೇಲೆ ನಡೆದಿದ್ರನಾ?”

ಇಬ್ಬರೂ ಸಾಲಿನ ಹತ್ತಿರ ಹೋದರು. ಭವ್ಯ ಸುತ್ತಿಗೆಯ ಚೂಪಾದ ತುದಿಯಿಂದ ಅಗೆದಳು, ಜಲಜಮ್ಮ ಡಬ್ಬಿಯ ಮುಚ್ಚಳದಿಂದ ಮರಳು ತೋಡಿ ಹಾಕಿದಳು. ಗಿಡದ ಸಾಲಿನ ಈಚೆಗೆ ಮೊಳಕಾಲುದ್ದ ತೋಡುವಷ್ಟರಲ್ಲಿ ಹಳದಿ ಸುಣ್ಣಕಲ್ಲು ಸಿಕ್ಕಿತು. ಸಾಲಿನ ಆಚೆಗೆ, ಹತ್ತೇ ಹೆಜ್ಜೆ ದೂರದಲ್ಲಿ ತೋಡಿದಾಗ, ಬೂದು ಮಿಶ್ರಿತ ನೇರಳೆ ಬಣ್ಣದ ಜೇಡಿ. ಅದನ್ನು ಬೆರಳಲ್ಲಿ ಹಿಸುಕಿದರೆ ಎಣ್ಣೆ ಹಚ್ಚಿದಂತೆ ಜಾರುತ್ತಿತ್ತು.

ಭವ್ಯ ಎರಡರ ಮಾದರಿಯನ್ನೂ ಚೀಲಕ್ಕೆ ಹಾಕಿಕೊಂಡಳು. ಸಾಲಿನ ಗುಂಟ ನಡೆದಳು. ಅರ್ಧ ಕಿಲೋಮೀಟರು ಮುಂದೆ ಮರಳು ಸರಿದು ಕಲ್ಲು ಮೇಲೆ ಬಂದಿದ್ದ ಕಡೆ ಮಂಡಿಯೂರಿ ಕೂತಳು. ಎಲ್ಲ ಕಡೆ ಚಾಪೆ ಹಾಸಿದಂತೆ ಮಲಗಿದ್ದ ಸುಣ್ಣಕಲ್ಲಿನ ಪದರಗಳು ಅಲ್ಲಿ ಮಾತ್ರ ಛಾವಣಿಯಂತೆ ಇಳಿಜಾರಾಗಿ ನಿಂತಿದ್ದವು. ಕಂಪಾಸು ಇಟ್ಟು ಅಳೆದಳು, ನಲವತ್ತು ಡಿಗ್ರಿ. ಒಂದು ಕಲ್ಲಿನ ಮೈ ಕನ್ನಡಿಯಂತೆ ನುಣುಪಾಗಿತ್ತು, ಅದರ ಮೇಲೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಸಣ್ಣ ಗೀರುಗಳಿದ್ದವು.

“ಇದು ಫಾಲ್ಟ್ ಅಮ್ಮ” ಎಂದಳು. “ನೆಲ ಇಲ್ಲಿ ಸೀಳಿದೆ. ಸೀಳಿ ಒಂದು ಕಡೆಯದು ಕೆಳಗೆ ಜಾರಿದೆ. ಜಾರುವಾಗ ಒಂದಕ್ಕೊಂದು ಉಜ್ಜಿದ ಗುರುತು ಇದು. ಅದಕ್ಕೇ ಈ ಕಡೆ ಒಂದು ಕಲ್ಲು, ಆ ಕಡೆ ಇನ್ನೊಂದು.”

“ಹಂಗಾರೆ ಹಾಳೇಲಿ ಬರಿ.”

ಭವ್ಯ ಬರೆದಳು. ಹಳದಿ ಬಣ್ಣದ ನಡುವೆ ಪೆನ್ಸಿಲಿನಿಂದ ದಪ್ಪಗೆ ಒಂದು ಗೆರೆ.

*

ಸಂಜೆ ಜಯದೇವಪ್ಪ ಒಬ್ಬೊಬ್ಬರ ಹಾಳೆ ನೋಡುತ್ತ ಬಂದು ಭವ್ಯಳ ಹಾಳೆಯ ಮುಂದೆ ನಿಂತರು.

“ಇದು ಯಾವ ಗೆರೆ?”

ಅವಳು ಹೇಳಿದಳು. ಗಿಡದ ಸಾಲು, ಎರಡು ಗುಂಡಿ, ಪದರಗಳ ಓರೆ, ನುಣುಪಾದ ಮೈ. ಅವರು ಕೊನೆಯವರೆಗೆ ಕೇಳಲಿಲ್ಲ.

“ಹನ್ನೊಂದು ವರ್ಷ ಇಲ್ಲಿಗೆ ಬಂದಿದ್ದೇನೆ. ದೊಡ್ಡ ದೊಡ್ಡವರು ಸರ್ವೆ ಮಾಡಿ ಅಚ್ಚು ಹಾಕಿಸಿದ ನಕ್ಷೆ ಇದು. ಅವರಿಗೆ ಕಾಣದ್ದು ನಿನಗೆ ಅರ್ಧ ದಿನದಲ್ಲಿ ಕಂಡಿತೋ, ಇಲ್ಲ ನಿಮ್ಮ ತಾಯಿಗೆ ಕಂಡಿತೋ?”

ಹಜಾರದಲ್ಲಿ ಯಾರೋ ನಕ್ಕರು.

“ಮೊದಲು ನೋಡಿದ್ದು ಅಮ್ಮ. ಅಳೆದಿದ್ದು ನಾನು” ಎಂದಳು ಭವ್ಯ.

ಜಯದೇವಪ್ಪ ಪಕ್ಕದ ಹುಡುಗನ ರಬ್ಬರು ತೆಗೆದು ಅವಳ ಹಾಳೆಯ ಮೇಲಿಟ್ಟರು. “ಅಳಿಸು.”

ಅವಳು ರಬ್ಬರನ್ನು ಮುಟ್ಟಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. “ಅಳಿಸಲ್ಲ ಸರ್.”

“ಕ್ಷೇತ್ರಕಾರ್ಯದ ಮಾರ್ಕು ಕೊಡುವವನು ನಾನು, ಗೊತ್ತಲ್ಲ?”

“ಕೊಡಬೇಡಿ ಸರ್. ನಾನು ನೋಡಿದ್ದನ್ನ ನೋಡಿಲ್ಲ ಅಂತ ಬರೆಯೋಕೆ ನನ್ನಿಂದ ಆಗಲ್ಲ.”

ಬಾಗಿಲ ಹತ್ತಿರ ಕೂತಿದ್ದ ಜಲಜಮ್ಮ ಎದ್ದು ನಿಂತಳು. ಅವಳ ದನಿ ಏರಲಿಲ್ಲ. “ನಾಳೆ ನೀವೇ ಬನ್ನಿ ಮೇಷ್ಟ್ರೇ. ನಾವು ತೋಡಿದ ಗುಂಡಿ ಮುಚ್ಚಿಲ್ಲ. ನೋಡಿ ಆಮೇಲೆ ಇಲ್ಲ ಅನ್ನಿ.”

“ನಾಳೆ ಕಲ್ಲಾದ ಮರಗಳನ್ನ ನೋಡೋಕೆ ಹೋಗಬೇಕು. ಎಲ್ಲರೂ. ಅಲ್ಲಿಗೆ ಮುಗೀತು” ಎಂದು ಅವರು ಮುಂದಿನವನ ಹಾಳೆಗೆ ಹೋದರು.

ಬೆಳಿಗ್ಗೆ ಜೀಪುಗಳು ಹೊರಟು ನಿಂತಾಗ ಭವ್ಯ ಹತ್ತಲಿಲ್ಲ. ಸುತ್ತಿಗೆ, ಕಂಪಾಸು, ನೀರಿನ ಬಾಟಲಿ ಹಿಡಿದು ರಸ್ತೆಯ ಆ ಬದಿಗೆ ನಿಂತಿದ್ದಳು, ಪಕ್ಕದಲ್ಲಿ ತಾಯಿ. ಆ ಗೆರೆ ಎಲ್ಲಿಯವರೆಗೆ ಹೋಗುತ್ತದೆಂದು ನೋಡದೆ ಬರುವುದಿಲ್ಲ ಎಂದಳು. ಜಯದೇವಪ್ಪನವರ ಮುಖ ಕೆಂಪಾಯಿತು. ಇಬ್ಬರು ಹೆಂಗಸರನ್ನು ಬಿಟ್ಟು ಹೋಗುವ ಹಾಗಿಲ್ಲ, ಹನ್ನೆರಡು ಜನ ಹುಡುಗರನ್ನು ನಿಲ್ಲಿಸುವ ಹಾಗೂ ಇಲ್ಲ.

“ನಾನು ಇವರ ಜೊತೆ ಉಳೀತೇನೆ ಸರ್” ಎಂದರು ಸೀತಾರಾಮ.

ಜೀಪುಗಳು ಹೊರಟವು. ಐವತ್ತು ಗಜ ಹೋಗಿ ಒಂದು ಜೀಪು ನಿಂತಿತು. ಹಿಂದಿನಿಂದ ಯಶವಂತ ಎಂಬ ಹುಡುಗ ಚೀಲ ಹೆಗಲಿಗೆ ಹಾಕಿಕೊಂಡು ಇಳಿದ. ಅವನು ನರಸಿಂಹರಾಜಪುರದ ಕಡೆಯವನು, ಹಿಂದಿನ ಸಂಜೆ ನಕ್ಕವನೂ ಅವನೇ. ಯಾಕೆ ಇಳಿದೆ ಎಂದು ಸೀತಾರಾಮ ಕೇಳಿದ್ದಕ್ಕೆ, “ಕಲ್ಲಾದ ಮರ ಫೋಟೋದಲ್ಲಿ ನೋಡಬಹುದು ಸರ್” ಎಂದ.

ನಾಲ್ವರೂ ಆ ದಿನ ಸಾಲು ಹಿಡಿದು ನಡೆದರು. ಗಿಡಗಳು ಕೆಲವು ಕಡೆ ಮಾಯವಾಗುತ್ತಿದ್ದವು, ಎರಡು ಮೂರು ನೂರು ಹೆಜ್ಜೆ ಬಿಟ್ಟು ಮತ್ತೆ ಕಾಣಿಸುತ್ತಿದ್ದವು. ಭವ್ಯ ಅಳೆದು ಹೇಳಿದಳು, ಯಶವಂತ ಬರೆದುಕೊಂಡ. ಸೀತಾರಾಮ ಮೊದಮೊದಲು ಪ್ರತಿಯೊಂದಕ್ಕೂ ಅನುಮಾನ ತೆಗೆದರು. ಇದು ಬರೀ ಹಳೆಯ ಹಳ್ಳದ ದಂಡೆ ಇರಬಹುದಲ್ಲ? ಆ ಕಲ್ಲು ಮೇಲಿಂದ ಉರುಳಿ ಬಂದದ್ದಿರಬಹುದಲ್ಲ? ಭವ್ಯ ಉತ್ತರ ಕೊಡುತ್ತ ಹೋದಳು, ಉತ್ತರ ಗೊತ್ತಿಲ್ಲದ ಕಡೆ ಇನ್ನೊಂದು ಗುಂಡಿ ತೋಡಿದಳು. ಮಧ್ಯಾಹ್ನದ ಹೊತ್ತಿಗೆ ಅವರು ಅನುಮಾನ ನಿಲ್ಲಿಸಿ ತಾವೂ ತೋಡತೊಡಗಿದ್ದರು.

ಐದು ಕಿಲೋಮೀಟರಿನ ಕೊನೆಗೆ ಹತ್ತು ಹನ್ನೆರಡು ಮಣ್ಣಿನ ಮನೆಗಳ ಒಂದು ಕೇರಿ ಸಿಕ್ಕಿತು. ಗಿಡದ ಸಾಲು ನೇರವಾಗಿ ಅಲ್ಲಿಯ ಬಾವಿಗೆ ಹೋಗಿ ಸೇರಿತ್ತು. ಬಾವಿಯ ಕಟ್ಟೆಯ ಹತ್ತಿರ ಮುದುಕಿಯೊಬ್ಬಳು ಕೊಡ ತುಂಬುತ್ತಿದ್ದಳು. ಜಲಜಮ್ಮ ಹೋಗಿ ಬೊಗಸೆ ಒಡ್ಡಿದಳು. ಮುದುಕಿ ನೀರು ಸುರಿದಳು. ಕುಡಿದು ಜಲಜಮ್ಮ ತಲೆದೂಗಿದಳು, ತಣ್ಣಗಿತ್ತು, ಸಿಹಿಯಾಗಿತ್ತು. ಆಮೇಲೆ ಮುದುಕಿ ಅವಳ ಕೈ ಹಿಡಿದು ಗಿಡದ ಸಾಲು ದಾಟಿ ನೂರು ಹೆಜ್ಜೆ ಆಚೆಗೆ, ಕಲ್ಲು ಮುಚ್ಚಿದ್ದ ಇನ್ನೊಂದು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಏನೋ ಹೇಳುತ್ತ ಕೈಯಿಂದ ಆಳ ತೋರಿಸಿ, ನಾಲಿಗೆ ಹೊರಚಾಚಿ ಮುಖ ಕಿವುಚಿದಳು. ಜಲಜಮ್ಮ ತಾನೂ ಹಾಗೇ ಮುಖ ಕಿವುಚಿ ತೋರಿಸಿದಳು. ಇಬ್ಬರೂ ನಕ್ಕರು. ಸೀತಾರಾಮ ಹತ್ತಿರ ಬಂದು ಹಿಂದಿಯಲ್ಲಿ ಕೇಳುವಷ್ಟರಲ್ಲಿ ಜಲಜಮ್ಮ ಮಗಳಿಗೆ ವಿಷಯ ಹೇಳಿಯಾಗಿತ್ತು.

“ಈ ಕಡೇದು ಸಿಹಿ, ಆ ಕಡೇದು ಉಪ್ಪು. ಎಷ್ಟು ಆಳ ತೋಡಿದ್ರೂ ಉಪ್ಪಂತೆ.”

ಸೀತಾರಾಮ ಮುದುಕಿಯಿಂದ ಅದನ್ನೇ ಕೇಳಿ ಖಚಿತ ಮಾಡಿಕೊಂಡು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದರು. ಬರೆದು ಮುಗಿಸಿ ಭವ್ಯಳಿಗೆ ಹೇಳಿದರು: “ನಾನು ಇಲ್ಲಿಗೆ ನಾಲ್ಕು ಸಲ ಬಂದಿದ್ದೇನೆ. ಈ ಬಾವಿ ನೀರು ಕುಡಿದೂ ಇದ್ದೇನೆ. ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ.”

*

ಜಯದೇವಪ್ಪ ಆ ಬಯಲಿಗೆ ಬರಲಿಲ್ಲ. ಉಳಿದ ದಿನಗಳಲ್ಲಿ ಭವ್ಯಳ ಹತ್ತಿರ ಮಾತೂ ಆಡಲಿಲ್ಲ. ಕುಡಿಯುವ ನೀರು ಬಂತೋ ಎಂದು ಮಾತ್ರ ಸೀತಾರಾಮರ ಮೂಲಕ ಕೇಳಿಸುತ್ತಿದ್ದರು. ವಾಪಸ್ಸು ಬಂದ ಮೇಲೆ ಭವ್ಯ ವರದಿ ಬರೆದಳು. ಮೊದಲ ಪುಟದಲ್ಲಿ, ನೆರವಾದವರನ್ನು ನೆನೆಯುವ ಜಾಗದಲ್ಲಿ, ಈ ಸೀಳನ್ನು ಮೊದಲು ಗುರುತಿಸಿದವರು ಶ್ರೀಮತಿ ಜಲಜಮ್ಮ, ಕೃಷಿಕರು, ಹಿರೇಕೊಡಿಗೆ, ಕೊಪ್ಪ ತಾಲ್ಲೂಕು ಎಂದು ಹಾಕಿದಳು. ಇದು ಹಾಸ್ಯಾಸ್ಪದ, ತೆಗೆ ಎಂದು ಜಯದೇವಪ್ಪ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು. ಅವಳು ಬೈಂಡು ಮಾಡಿಸಿದ ಪ್ರತಿಯಲ್ಲೂ ಆ ಸಾಲು ಹಾಗೇ ಇತ್ತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ವಯಸ್ಸಾದ ಪರೀಕ್ಷಕರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಮುಕ್ಕಾಲು ಗಂಟೆ ಅವಳನ್ನು ಪ್ರಶ್ನೆ ಕೇಳಿದರು. ಬೇರೆಯವರಿಗೆ ಕಾಲು ಗಂಟೆಯೂ ಹಿಡಿದಿರಲಿಲ್ಲ. ಕೊನೆಗೆ, “ಈ ಜಲಜಮ್ಮ ಅಂದರೆ ಯಾರು?” ಎಂದರು.

“ನನ್ನ ತಾಯಿ ಸರ್.”

“ಅವರಿಗೆ ಭೂವಿಜ್ಞಾನ ಗೊತ್ತೋ?”

“ಬಾವಿ ತೋಡುವುದು ಗೊತ್ತು ಸರ್.”

ಅವರು ಜಯದೇವಪ್ಪನವರ ಮುಖ ನೋಡಿದರು. ಜಯದೇವಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. ಪರೀಕ್ಷಕರು ಚೆನ್ನಾಗಿಯೇ ಮಾರ್ಕು ಕೊಟ್ಟರು, ವಿಭಾಗದ ಮಾರ್ಕು ಮಾತ್ರ ಪಾಸಾಗಲು ಸಾಕಾಗುವಷ್ಟೇ ಬಂತು. ಅವಳಿಗೆ ಬರಬೇಕಾಗಿದ್ದ ರ‍್ಯಾಂಕು ತಪ್ಪಿತು. ಅದಕ್ಕೆ ಅವಳು ಒಂದು ದಿನ ಅತ್ತಳು. ಮಾರನೆಯ ದಿನ ಅಂತರ್ಜಲ ಸಮೀಕ್ಷೆಯ ಕೆಲಸವೊಂದಕ್ಕೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ರ‍್ಯಾಂಕಿನ ಮಾತು ಯಾರೂ ಎತ್ತಲಿಲ್ಲ. ಸಿಹಿ ಬಾವಿ ಉಪ್ಪು ಬಾವಿಯ ಕಥೆಯನ್ನು ಎರಡು ಸಲ ಹೇಳಿಸಿದರು. ಜೂನಿನಲ್ಲಿ ಅವಳು ಚಿತ್ರದುರ್ಗದ ಕಡೆ ಕೆಲಸಕ್ಕೆ ಸೇರಿದಳು.

ಆ ವರ್ಷದ ಡಿಸೆಂಬರಿನಲ್ಲಿ ಹಿರೇಕೊಡಿಗೆಯ ವಿಳಾಸಕ್ಕೆ ವಿಭಾಗದಿಂದ ಒಂದು ಪತ್ರ ಬಂತು. ಈ ಸಲ ಇಬ್ಬರು ವಿದ್ಯಾರ್ಥಿನಿಯರು ಇದ್ದಾರೆ. ಶೃಂಗೇರಿಯ ಶ್ರೀರಂಜನಿ, ನರಸಿಂಹರಾಜಪುರದ ರಮ್ಯ. ಅನುಭವ ಇರುವುದರಿಂದ ಜಲಜಮ್ಮನವರೇ ಮೇಲ್ವಿಚಾರಕರಾಗಿ ಬರಬೇಕು, ಖರ್ಚು ವಿಭಾಗದ್ದು. ಕೆಳಗೆ ಜಯದೇವಪ್ಪನವರ ಸಹಿ.

ಸುಬ್ಬಯ್ಯನಿಗೆ ಖುಷಿಯಾಯಿತು. “ಹೋಗು ಮಾರಾಯ್ತಿ. ಕರೆದು ಮರ್ಯಾದೆ ಮಾಡ್ತಿದ್ದಾರೆ. ಹಾಲು ನಾನು ಕರೀತೀನಿ.”

“ಹೋಗಾದಿಲ್ಲ” ಎಂದಳು ಜಲಜಮ್ಮ.

“ಎಂತಕ್ಕೆ?”

“ನಾನು ವರ್ಷ ವರ್ಷ ಹೋದ್ರೆ, ನಾನು ಸಾಯೋ ತನಕ ಹುಡುಗೀರಿಗೆ ಕಾವಲು ಬೇಕು ಅಂತಾನೇ ಇರ್ತದೆ. ನಾನು ಸತ್ತ ಮೇಲೆ ಮತ್ತೆ ಕ್ವಾರಿ.”

ಅವಳು ಸುಮ್ಮನೆ ಕೂರಲಿಲ್ಲ. ಶೃಂಗೇರಿಗೆ ಬಸ್ಸು ಹತ್ತಿ ಹೋಗಿ ಶ್ರೀರಂಜನಿಯ ತಾಯಿ ಮೀನಾಕ್ಷಮ್ಮನನ್ನು ಕಂಡಳು. ಮೀನಾಕ್ಷಮ್ಮನ ಗಂಡ ಸಂಸ್ಕೃತ ಪಾಠ ಹೇಳುವವರು, ಮನೆಯಲ್ಲಿ ಮಡಿ ಆಚಾರ ಜಾಸ್ತಿ. ಆದರೆ ಮೀನಾಕ್ಷಮ್ಮ ಜಲಜಮ್ಮನಿಗೆ ಕಾಫಿ ಕೊಟ್ಟು, ಪೂರ್ತಿ ಕೇಳಿ, “ನನ್ನನ್ನ ಹೈಸ್ಕೂಲಿಗೆ ಕಳಿಸ್ದೇ ಇದ್ದಾಗ ಯಾರೂ ಹೋಗಿ ಕೇಳಿರ್ಲಿಲ್ಲ. ನಾ ಬತ್ತೆ” ಎಂದಳು. ನರಸಿಂಹರಾಜಪುರದಲ್ಲಿ ರಮ್ಯಳ ಅಜ್ಜಿ ಭೈರಮ್ಮ, ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದವಳು, ಕಾರಣವನ್ನೂ ಕೇಳದೆ ಕೊಡೆ ತೆಗೆದುಕೊಂಡು ಹೊರಟಳು.

ಮರುದಿನ ಬೆಳಿಗ್ಗೆ ಮೂವರೂ ಹತ್ತು ಗಂಟೆಗೆ ವಿಭಾಗ ತಲುಪಿದರು. ಜಯದೇವಪ್ಪ ಸಂತೋಷದಿಂದ ಎದುರು ಬಂದರು. ಜಲಜಮ್ಮ ಪತ್ರವನ್ನು ಅವರ ಮೇಜಿನ ಮೇಲಿಟ್ಟಳು.

“ನಾನು ಬರಾದಿಲ್ಲ ಮೇಷ್ಟ್ರೇ. ಈ ಇಬ್ಬರು ಮಕ್ಕಳೂ ಅವರಷ್ಟಕ್ಕೆ ಬತ್ತಾರೆ. ಮನೆಯವರು ನಾವೇ ಬಂದು ಹೇಳ್ತಿದ್ದೀವಿ, ನಿಮ್ಮ ಹತ್ರ ಯಾರೂ ಉತ್ತರ ಕೇಳಾದಿಲ್ಲ. ನೋಟೀಸಿನ ಆ ಕಾವಲಿನ ಸಾಲು ತೆಗೀರಿ.”

“ನಿಯಮ ಅಮ್ಮ ಅದು. ನನ್ನ ಕೈಯಲ್ಲಿಲ್ಲ.”

“ಯಾರ ಕೈಯಲ್ಲಿದೆಯೋ ಅವರನ್ನ ಕೇಳಿ. ನಾವು ಇಲ್ಲೇ ಇರ್ತೀವಿ.”

ವರಾಂಡದ ಬೆಂಚಿನಲ್ಲಿ ಮೂವರೂ ಕೂತರು. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡರು. ಮೀನಾಕ್ಷಮ್ಮ ತಾನು ತಂದದ್ದನ್ನು ಬೆಂಚಿನ ಆ ತುದಿಯಲ್ಲಿ ಕೂತು ಉಂಡಳು, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಪಾಠಕ್ಕೆ ಬಂದ ಹುಡುಗರು ಹೋಗುತ್ತ ಬರುತ್ತ ನೋಡಿದರು. ಜಯದೇವಪ್ಪ ಎರಡು ಸಲ ಹೊರಗೆ ಬಂದು ಮನೆಗೆ ಹೋಗಿ ಎಂದರು. ಸೀತಾರಾಮ ಎರಡು ಸಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಿದರು. ಮೂರು ಗಂಟೆಗೆ ಜಯದೇವಪ್ಪ ಯಾರಿಗೋ ಫೋನು ಮಾಡಿ ಬಹಳ ಹೊತ್ತು ಮಾತಾಡಿದ್ದು ಹೊರಗೂ ಕೇಳಿಸಿತು.

ನಾಲ್ಕೂವರೆಗೆ ಅವರು ಪೆನ್ನು ಹಿಡಿದು ಹೊರಗೆ ಬಂದರು. ಯಾರನ್ನೂ ನೋಡದೆ ನೋಟೀಸು ಬೋರ್ಡಿನ ಹತ್ತಿರ ಹೋಗಿ ಕೊನೆಯ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಹೆತ್ತವರ ಒಪ್ಪಿಗೆ ಪತ್ರ ಇದ್ದರೆ ಸಾಕಂತೆ, ಹುಡುಗರೂ ಅದನ್ನೇ ತರಬೇಕು ಎಂದರು.

ಮೂವರೂ ಮೆಟ್ಟಿಲಿಳಿಯುವಾಗ ಅವರು ಹಿಂದಿನಿಂದ ಕರೆದರು. “ಜಲಜಮ್ಮ, ನೀವು ಬಂದಿದ್ದರೆ ನನಗೆ ಸ್ವಲ್ಪ ಧೈರ್ಯ ಇರ್ತಿತ್ತು.”

ಆ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಜಲಜಮ್ಮ ತಿರುಗಿ ನಿಂತು ಅವರನ್ನು ನೋಡಿದಳು. ಅವರಿಗೆ ವಯಸ್ಸಾಗುತ್ತಿದೆ ಎಂದು ಆಗ ಅವಳಿಗೆ ಕಂಡಿತು.

“ಮತ್ತೆ ನೋಡ್ಬೇಕು ಅನ್ನಿಸಿದ್ರೆ ನಾನೇ ಟಿಕೆಟ್ ತಗೊಂಡು ಬತ್ತೀನಿ ಮೇಷ್ಟ್ರೇ. ಯಾರ ಕಾವಲಿಗೂ ಅಲ್ಲ” ಎಂದಳು.

ಜನವರಿಯಲ್ಲಿ ರಮ್ಯ, ಶ್ರೀರಂಜನಿ ಇಬ್ಬರೂ ಹುಡುಗರ ಜೊತೆ ಬೀರೂರಿನಲ್ಲಿ ರೈಲು ಹತ್ತಿದರು. ಮೀನಾಕ್ಷಮ್ಮ, ಭೈರಮ್ಮ ಕಳಿಸಲು ಬಂದಿದ್ದರು. ಜಲಜಮ್ಮ ಬಂದಿರಲಿಲ್ಲ, ಅವಳ ಕಣದಲ್ಲಿ ಭತ್ತ ಬಡಿಯುವ ಕೆಲಸವಿತ್ತು.